ಫಾರ್ಮ್ಯಾಟ್ ಒತ್ತುವ ಮುನ್ನ: ಕೆಟ್ಟ ಮೆಮೊರಿ ಕಾರ್ಡ್‌ನಿಂದ ಫೋಟೋ ಹೊರತೆಗೆಯುವುದು ಹೇಗೆ?

ಪ್ರಶ್ನೆ: ಅಕ್ಕನ ಮಗನ ಉಪನಯನದ ಸುಮಾರು 900 ಫೋಟೋ, ನಾಲ್ಕೈದು ವಿಡಿಯೋ 64 ಜಿಬಿ ಎಸ್‌ಡಿ ಕಾರ್ಡ್‌ನಲ್ಲಿದ್ದವು. ಪ್ರತಿ ಫೋಟೋವೂ ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ಇದೆ. ರಾತ್ರಿ ಮನೆಯ ಡೆಸ್ಕ್‌ಟಾಪ್‌ಗೆ ಕಟ್-ಪೇಸ್ಟ್ ಮಾಡುತ್ತಿರುವಾಗ ಕರೆಂಟ್ ಹೋಯಿತು. ಈಗ ಕಾರ್ಡ್ ಹಾಕಿದರೆ ವಿಂಡೋಸ್ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಕ್ಯಾಮೆರಾದಲ್ಲೂ ಕಾರ್ಡ್ ತೆರೆಯುತ್ತಿಲ್ಲ. ಪರಿಚಯದ ಕಂಪ್ಯೂಟರ್ ಅಂಗಡಿಯವರು ‘ಮೊದಲು ಫಾರ್ಮ್ಯಾಟ್ ಕೊಡಿ, ಆಮೇಲೆ ಸಾಫ್ಟ್‌ವೇರ್ ಹಾಕಿದರೆ ಎಲ್ಲಾ ಬರುತ್ತೆ’ ಎಂದರು. ಕೊಡಬಹುದೇ? ಮುಂದೆ ಇದೇ ಕಾರ್ಡ್ ಬಳಸಬಹುದೇ?
— ಓದುಗರು, ಶಿರಸಿ

ಉತ್ತರ: ಕೊಡಬೇಡಿ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ ಹೆಚ್ಚು. ವಿಂಡೋಸ್‌ನ ಕ್ವಿಕ್ ಫಾರ್ಮ್ಯಾಟ್ ಕೊಟ್ಟ ಮೇಲೂ ಬಹಳಷ್ಟು ಜೆಪೆಗ್‌ಗಳು ಸಿಗುತ್ತವೆ. ಆದರೆ ಫಾರ್ಮ್ಯಾಟ್ ಮಾಡದೆಯೂ ಅವು ಸಿಗುತ್ತವೆ, ಜೊತೆಗೆ ಫೈಲ್ ಹೆಸರು, ಫೋಲ್ಡರ್, ವಿಡಿಯೋಗಳೂ ಸಿಗುವ ಅವಕಾಶ ಉಳಿದಿರುತ್ತದೆ. ಒತ್ತಿದರೆ ಈ ಎರಡನೆಯ ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ.

ಜಮೀನಿನ ಲೆಕ್ಕದಲ್ಲಿ ನೋಡೋಣ. ಕಾರ್ಡ್‌ನ ಆರಂಭದ ಒಂದಷ್ಟು ಜಾಗ ಪಹಣಿ ಇದ್ದಂತೆ. ಯಾವ ಫೈಲ್ ಎಲ್ಲಿ ಶುರುವಾಗಿದೆ, ಎಷ್ಟು ಉದ್ದವಿದೆ, ಯಾವ ಜಾಗ ಖಾಲಿ ಇದೆ ಎಂಬ ದಾಖಲೆ ಅಲ್ಲಿರುತ್ತದೆ. ಫೋಟೋಗಳು ಹೊಲದಲ್ಲಿವೆ. ನಿಮ್ಮಲ್ಲಿ ಹರಿದಿರುವುದು ಪಹಣಿ. ಫಾರ್ಮ್ಯಾಟ್ ಎಂದರೆ ಆ ಹರಿದ ಪಹಣಿಯನ್ನು ಎಸೆದು ‘ಇಡೀ ಜಮೀನು ಖಾಲಿ’ ಎಂದು ಹೊಸದು ಬರೆಯುವುದು. ಹೊಲ ಅಲ್ಲೇ ಇರುತ್ತದೆ ನಿಜ, ಆದರೆ ಹರಿದ ಹಾಳೆಯಲ್ಲಿ ಓದಬಹುದಾಗಿದ್ದ ನಾಲ್ಕು ಸಾಲೂ ಹೋಯಿತು.

ನಿಮ್ಮ ಪ್ರಕರಣದಲ್ಲಿ ಆ ನಾಲ್ಕು ಸಾಲು ಉಳಿದಿರುವ ಸಾಧ್ಯತೆ ಚೆನ್ನಾಗಿದೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯನ್ನು, ಅಂದರೆ ಪಹಣಿ ಬರೆಯುವ ಒಂದು ಪದ್ಧತಿಯನ್ನು, ಬಳಸುತ್ತವೆ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್‌ಗಳದ್ದು ಫ್ಯಾಟ್32. ಕಾರ್ಡ್‌ಗೆ ಏನನ್ನಾದರೂ ಬರೆಯಲು ಶುರುಮಾಡಿದಾಗ ‘ಕೆಲಸ ನಡೆಯುತ್ತಿದೆ’ ಎಂಬ ಒಂದು ಗುರುತನ್ನು ಎಕ್ಸ್‌ಫ್ಯಾಟ್‌ನ ಮೊದಲ ಸೆಕ್ಟರ್‌ನಲ್ಲೇ (ಸೆಕ್ಟರ್ ಎಂದರೆ ಕಾರ್ಡ್‌ನ 512 ಬೈಟ್‌ನ ಪುಟ್ಟ ತುಂಡು), ಅಂದರೆ ಬೂಟ್ ಸೆಕ್ಟರ್‌ನಲ್ಲೇ, ಹಾಕಲಾಗುತ್ತದೆ. ಕಟ್-ಪೇಸ್ಟ್‌ನಲ್ಲಿ ವಿಂಡೋಸ್ ಕಾರ್ಡ್‌ನಿಂದ ಫೈಲ್‌ಗಳನ್ನು ಅಳಿಸಲೂ ಬೇಕು, ಅದೂ ಬರವಣಿಗೆಯೇ. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಮೊದಲ ಪೆಟ್ಟು ಬೀಳುವುದು ಹೀಗೆ ಪದೇಪದೇ ಮುಟ್ಟಿಸಿಕೊಳ್ಳುವ ಜಾಗಗಳಿಗೆ. ಫ್ಯಾಟ್32ರಲ್ಲಿ ಹಂಚಿಕೆ ಪಟ್ಟಿಯ (ಫೈಲ್‌ನ ತುಂಡುಗಳು ಎಲ್ಲೆಲ್ಲಿವೆ ಎಂಬ ಪಟ್ಟಿ) ಎರಡು ಪ್ರತಿ ಇರುತ್ತವೆ, ಎಕ್ಸ್‌ಫ್ಯಾಟ್‌ನಲ್ಲಿ ಸಾಮಾನ್ಯವಾಗಿ ಒಂದೇ. ಆದರೆ ಬೂಟ್ ಸೆಕ್ಟರ್‌ಗೆ ಮಾತ್ರ 12ನೇ ಸೆಕ್ಟರ್‌ನಲ್ಲಿ ಒಂದು ಮೀಸಲು ಪ್ರತಿ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಕಾರ್ಡ್ ಮುಟ್ಟುವ ಮೊದಲು ಡೆಸ್ಕ್‌ಟಾಪ್ ನೋಡಿ

ನೀವು ಕಾಪಿ ಮಾಡುತ್ತಿರಲಿಲ್ಲ, ಕಟ್ ಮಾಡುತ್ತಿದ್ದಿರಿ. ಹಾಗಾಗಿ ಕರೆಂಟ್ ಹೋಗುವ ಹೊತ್ತಿಗೆ ಒಂದಷ್ಟು ಫೈಲ್‌ಗಳು ಕಂಪ್ಯೂಟರ್‌ಗೆ ಬಂದಾಗಿರಬೇಕು. ಪೇಸ್ಟ್ ಮಾಡಿದ ಫೋಲ್ಡರ್ ತೆರೆದು ಎಷ್ಟಿವೆ ಎಂದು ಎಣಿಸಿ, ಒಂದೊಂದನ್ನೂ ದೊಡ್ಡದಾಗಿ ತೆರೆದು ನೋಡಿ. ಗಾತ್ರ ನೋಡಿ ನಂಬಬೇಡಿ. ಕೊನೆಯ ಕೆಲವು ಫೈಲ್‌ಗಳು 25 ಎಂಬಿ, 8 ಎಂಬಿ ಎಂದು ಸರಿಯಾದ ಗಾತ್ರವನ್ನೇ ತೋರಿಸಿ ಒಳಗೆ ಬರೀ ಸೊನ್ನೆ ತುಂಬಿಕೊಂಡಿರಬಹುದು. ವಿಂಡೋಸ್ ಡೇಟಾವನ್ನು ಸ್ವಲ್ಪ ಹೊತ್ತು ರ್‍ಯಾಮ್‌ನಲ್ಲಿಟ್ಟುಕೊಂಡು ಆಮೇಲೆ ಡಿಸ್ಕ್‌ಗೆ ಇಳಿಸುವುದರಿಂದ ಹೀಗಾಗುತ್ತದೆ. ತೆರೆಯದವುಗಳ ಹೆಸರು ಬರೆದಿಟ್ಟುಕೊಳ್ಳಿ. ಕಾರ್ಡ್‌ನಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಅವನ್ನು ಮತ್ತು ಅವುಗಳ ನಂತರದ ಸಂಖ್ಯೆಗಳನ್ನು.

ಈಗ ಕಾರ್ಡ್. ಎಡಬದಿಯ ಪುಟ್ಟ ಲಾಕ್ ಪಟ್ಟಿಯನ್ನು ಕೆಳಗೆ ಸರಿಸಿ. ಅದು ಕಾರ್ಡ್‌ನ ಒಳಗಿನ ಯಾವುದಕ್ಕೂ ಜೋಡಿಸಿಲ್ಲ, ಬರೀ ಪ್ಲಾಸ್ಟಿಕ್. ಅದರ ಸ್ಥಾನ ನೋಡಿ ‘ಬರೆಯಬಾರದು’ ಎಂದು ನಿರ್ಧರಿಸುವುದು ರೀಡರ್. ಕೆಲವು ಅಗ್ಗದ ರೀಡರ್‌ಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಲಾಕ್ ಹಾಕಿದ್ದೇನೆಂದು ನಿಶ್ಚಿಂತರಾಗಬೇಡಿ. ಮೈಕ್ರೋ ಎಸ್‌ಡಿ ಕಾರ್ಡ್‌ಗೆ ಲಾಕ್ ಇರುವುದು ಅಡಾಪ್ಟರ್‌ನಲ್ಲಿ ಮಾತ್ರ.

ಫೋನ್‌ಗೆ ಹಾಕಿ ನೋಡೋಣ ಎಂಬ ಆಸೆ ಬೇಡ. ಆಂಡ್ರಾಯ್ಡ್ ಕಾರ್ಡ್ ಕಂಡ ಕೂಡಲೇ ತನ್ನ ಫೋಲ್ಡರ್‌ಗಳನ್ನು ಬರೆಯುತ್ತದೆ. ಮ್ಯಾಕ್ ಕೂಡ ಕಾರ್ಡ್ ತೆರೆದುಕೊಂಡರೆ ಸಾಕು, ಹುಡುಕಾಟದ ಸೂಚಿ, ಕಸದ ಬುಟ್ಟಿ ಎಂದು ಮರೆಯಲ್ಲಿ ನಾಲ್ಕಾರು ಫೈಲ್ ಸೃಷ್ಟಿಸುತ್ತದೆ. ವಿಂಡೋಸ್‌ನ ‘ಚೆಕ್‌ಡಿಸ್ಕ್’ ಅಥವಾ ‘ಸ್ಕ್ಯಾನ್ ಅಂಡ್ ಫಿಕ್ಸ್’ ಅನ್ನು ಈ ಹಂತದಲ್ಲಿ ಓಡಿಸುವುದು ಫಾರ್ಮ್ಯಾಟ್‌ಗಿಂತಲೂ ಕೆಟ್ಟದಾಗಬಹುದು. ಅದರ ಕೆಲಸ ಫೈಲ್ ವ್ಯವಸ್ಥೆಯನ್ನು ಸುಸಂಗತಗೊಳಿಸುವುದೇ ಹೊರತು ನಿಮ್ಮ ಫೋಟೋ ಉಳಿಸುವುದಲ್ಲ. ತನಗೆ ಅರ್ಥವಾಗದ ದಾಖಲೆಗಳನ್ನು ಅದು ಕತ್ತರಿಸಿ ಹಾಕುತ್ತದೆ, ಹೆಸರು ಕಳೆದುಕೊಂಡ ತುಣುಕುಗಳನ್ನು ಒಂದು ಫೋಲ್ಡರ್‌ಗೆ ತುರುಕಿ ಕೈತೊಳೆದುಕೊಳ್ಳುತ್ತದೆ. ಸೋನಿ ಕ್ಯಾಮೆರಾಗಳ ‘ರಿಕವರ್ ಇಮೇಜ್ ಡೇಟಾಬೇಸ್’ ಎಂಬ ಆಯ್ಕೆ ಹೆಸರಿನಿಂದಲೇ ಮೋಸ ಮಾಡುತ್ತದೆ. ಅದು ಕ್ಯಾಮೆರಾದ ಪರದೆಯಲ್ಲಿ ತೋರಿಸುವ ಸೂಚಿಯನ್ನು ಮತ್ತೆ ಬರೆಯುತ್ತದೆ ಅಷ್ಟೆ, ಕಳೆದ ಫೋಟೋ ತರುವುದಿಲ್ಲ.

ಕಾರ್ಡ್ ಕೆಟ್ಟಿದೆಯೋ, ರೀಡರ್ ಕೆಟ್ಟಿದೆಯೋ?

ಇನ್ನೊಂದು ರೀಡರ್‌ನಲ್ಲಿ, ಸಾಧ್ಯವಾದರೆ ಡೆಸ್ಕ್‌ಟಾಪ್‌ನ ಹಿಂಬದಿಯ ಯುಎಸ್‌ಬಿ ಕಿಂಡಿಗೆ ನೇರ ಚುಚ್ಚಿ ನೋಡಿ. ಕಾರ್ಡ್‌ನ ಬೆನ್ನಿನ ಚಿನ್ನದ ಬಣ್ಣದ ಪಟ್ಟಿಗಳು ಮಬ್ಬಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಿ, ಐದು ನಿಮಿಷ ಆರಲು ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಬ್ಯಾಗಿನಲ್ಲೇ ತಿಂಗಳುಗಟ್ಟಲೆ ಉಳಿದ ಕಾರ್ಡ್‌ಗೆ ಇಷ್ಟೇ ಮದ್ದು ಸಾಕಾಗಿರುವುದುಂಟು.

ಬಳಿಕ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಕಾರ್ಡ್‌ನ ಒಟ್ಟು ಗಾತ್ರ ನೋಡಿ. ಮುಂದಿನ ದಾರಿ ನಿರ್ಧಾರವಾಗುವುದು ಇಲ್ಲಿ. ಸುಮಾರು 59.5 ಜಿಬಿ ಎಂದು ತೋರಿಸಿ ಫೈಲ್ ವ್ಯವಸ್ಥೆಯ ಜಾಗದಲ್ಲಿ ‘ರಾ’ ಎಂದಿದ್ದರೆ ಕಾರ್ಡ್‌ನ ಎಲೆಕ್ಟ್ರಾನಿಕ್ಸ್ ಬದುಕಿದೆ, ಮನೆಯಲ್ಲೇ ಕೆಲಸ ಮಾಡಬಹುದು. ತಯಾರಕರು 64 ಜಿಬಿಯನ್ನು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಈ ವ್ಯತ್ಯಾಸ. ಈ ‘ರಾ’ಗೂ ಕ್ಯಾಮೆರಾದ ರಾ ಫೋಟೋಗೂ ಸಂಬಂಧವಿಲ್ಲ, ‘ಈ ವ್ಯವಸ್ಥೆ ನನಗೆ ಗೊತ್ತಿಲ್ಲ’ ಎನ್ನುವುದಕ್ಕೆ ವಿಂಡೋಸ್ ಬಳಸುವ ಪದ ಅದು. ‘ನೋ ಮೀಡಿಯಾ’, 0 ಬೈಟ್ ಅಥವಾ 32 ಎಂಬಿಯಂಥ ಅಸಂಬದ್ಧ ಗಾತ್ರ ಬಂದರೆ ಕಾರ್ಡ್‌ನೊಳಗಿನ ನಿಯಂತ್ರಕ ಚಿಪ್ ಎದ್ದೇ ಇಲ್ಲ. ಆಗ ಯಾವ ಸಾಫ್ಟ್‌ವೇರ್‌ನಿಂದಲೂ ಪ್ರಯೋಜನವಿಲ್ಲ, ಪ್ರಯೋಗಾಲಯವೇ ಗತಿ. ಕಾರ್ಡ್ ಬೆರಳಿಗೆ ಬಿಸಿ ತಾಗುವಷ್ಟು ಕಾಯುತ್ತಿದ್ದರೂ ಅಷ್ಟೇ, ತೆಗೆದಿಡಿ.

ಮೊದಲು ಪಡಿಯಚ್ಚು

ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದು. ಕಾರ್ಡ್‌ನ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ, ಫೈಲ್ ಇದೆಯೋ ಇಲ್ಲವೋ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಕಂಪ್ಯೂಟರ್‌ನ ಒಂದು ದೊಡ್ಡ ಫೈಲ್‌ಗೆ ಇಳಿಸಿಕೊಳ್ಳಬೇಕು. ಸಾಫ್ಟ್‌ವೇರ್‌ಗಳು ಇದನ್ನು ಡಿಸ್ಕ್ ಇಮೇಜ್ ಎನ್ನುತ್ತವೆ. ಫೋಟೋ ಎಂಬ ಅರ್ಥದ ಇಮೇಜ್ ಜೊತೆ ಗೊಂದಲವಾಗದಿರಲಿ ಎಂದು ಇಲ್ಲಿ ಪಡಿಯಚ್ಚು ಎನ್ನೋಣ. ಹುಡುಕಾಟವೆಲ್ಲ ಈ ಪಡಿಯಚ್ಚಿನ ಮೇಲೆ, ಕಾರ್ಡ್ ಡಬ್ಬಿಯಲ್ಲಿ. ಹತ್ತು ಸಾಫ್ಟ್‌ವೇರ್ ಪ್ರಯೋಗಿಸಿದರೂ, ಹನ್ನೊಂದನೆಯದು ಏನೋ ಎಡವಟ್ಟು ಮಾಡಿದರೂ ಮೂಲ ಹಾಗೇ ಇರುತ್ತದೆ. ಸಾಯುತ್ತಿರುವ ಕಾರ್ಡ್ ಆಗಿದ್ದರೆ ಇನ್ನೊಂದು ಕಾರಣವೂ ಉಂಟು: ಒಂದೊಂದು ಸಾಫ್ಟ್‌ವೇರ್‌ಗೂ ಇಡೀ ಕಾರ್ಡನ್ನು ಹೊಸದಾಗಿ ಓದಿಸಿದರೆ, ಮೂರನೆಯ ಸಲಕ್ಕೆ ಅದು ಏಳದೇ ಹೋಗಬಹುದು.

ಜಾಗದ ಲೆಕ್ಕ: ಪಡಿಯಚ್ಚಿಗೆ 64 ಜಿಬಿ, ಹೊರಬರುವ ಫೈಲ್‌ಗಳಿಗೆ ಇನ್ನೊಂದು ಅಷ್ಟೇ, ಅಂದರೆ ಸುಮಾರು 130 ಜಿಬಿ ಖಾಲಿ ಇರಬೇಕು. ಅದು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಸ್ವಂತ ಫೈಲ್ ವ್ಯವಸ್ಥೆ) ಡ್ರೈವ್ ಆಗಿರಲಿ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಪಡಿಯಚ್ಚು ಅರ್ಧಕ್ಕೇ ನಿಲ್ಲುತ್ತದೆ. ಯುಎಸ್‌ಬಿ 3 ರೀಡರ್‌ನಲ್ಲಿ ಸೆಕೆಂಡಿಗೆ 80 ಎಂಬಿ ಓದಿದರೆ ಹದಿಮೂರು-ಹದಿನಾಲ್ಕು ನಿಮಿಷದ ಕೆಲಸ, ಹಳೆಯ ಯುಎಸ್‌ಬಿ 2 ರೀಡರ್‌ನಲ್ಲಿ ಮುಕ್ಕಾಲು ಗಂಟೆ. ಈ ಸಲವಾದರೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬಿಟ್ಟು ಚಾರ್ಜ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾಡಿ.

ಓದುವಾಗ ತಪ್ಪು ಬಾರದ ಕಾರ್ಡ್ ಆದರೆ ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಸಾಕು. ಅದರಲ್ಲಿ ‘ರೀಡ್’ ಮತ್ತು ‘ರೈಟ್’ ಗುಂಡಿಗಳು ಅಕ್ಕಪಕ್ಕ ಇವೆ. ರೀಡ್ ಎಂದರೆ ಕಾರ್ಡ್‌ನಿಂದ ಫೈಲ್‌ಗೆ. ತಪ್ಪಿ ರೈಟ್ ಒತ್ತಿದರೆ ಫೈಲ್‌ನಿಂದ ಕಾರ್ಡ್‌ಗೆ, ಅಲ್ಲಿಗೆ ಕಥೆ ಮುಗಿಯಿತು. ‘ಹಂಚಿಕೆಯಾದ ಪಾರ್ಟಿಷನ್ ಮಾತ್ರ ಓದು’ ಎಂಬರ್ಥದ ಚೌಕದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಪಾರ್ಟಿಷನ್ ಎಂದರೆ ಕಾರ್ಡ್‌ನ ಒಂದು ವಿಭಾಗ, ನಮಗೆ ಇಡೀ ಕಾರ್ಡ್ ಬೇಕು.

ನಡುವೆ ಓದುವ ತಪ್ಪು ಬಂದರೆ ಈ ಉಪಕರಣ ನಿಂತುಬಿಡುತ್ತದೆ. ಅಂಥ ಕಾರ್ಡ್‌ಗೆ ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂಗೆ ಸಾಟಿಯಾದ ಉಚಿತ ಸಾಧನ ಬೇರಿಲ್ಲ ಎಂಬುದು ನಮ್ಮ ಅಭಿಪ್ರಾಯ. ಲಿನಕ್ಸ್ ಗೊತ್ತಿಲ್ಲದಿದ್ದರೂ ಹೆದರಬೇಡಿ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಪ್ಯಾಕನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿದರೆ ಡಿಡಿರೆಸ್ಕ್ಯೂ, ಮುಂದೆ ಬೇಕಾಗುವ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಲ್ಲವೂ ಅದರಲ್ಲೇ ಇವೆ. ಡಿಡಿರೆಸ್ಕ್ಯೂಗೆ ಮೂರು ಹೆಸರು ಕೊಡಬೇಕು: ಮೊದಲು ಕಾರ್ಡ್, ಆಮೇಲೆ ಪಡಿಯಚ್ಚಿನ ಫೈಲ್, ಕೊನೆಗೆ ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾಗಕೂಡದು. ಯಾವುದು ಕಾರ್ಡ್ ಎಂದು ಗುರುತಿಸಲು ಡಿಸ್ಕ್‌ಗಳ ಪಟ್ಟಿ ತರಿಸಿ 59.5 ಜಿಬಿಯದ್ದು ಯಾವುದೆಂದು ನೋಡಿ. ಮೊದಲ ಸುತ್ತನ್ನು ‘ಮೈನಸ್ ಎನ್’ ಆಯ್ಕೆಯೊಂದಿಗೆ ಓಡಿಸಿ. ಸಲೀಸಾಗಿ ಓದುವ ಜಾಗವನ್ನೆಲ್ಲ ಬಾಚಿಕೊಂಡು, ಹಟ ಮಾಡುವ ಜಾಗವನ್ನು ಹೆಚ್ಚು ಕೆದಕದೆ ಬಿಟ್ಟು ಅದು ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಅದೇ ಮ್ಯಾಪ್ ಫೈಲ್ ಕೊಟ್ಟು ‘ಮೈನಸ್ ಆರ್ 3’ ಎಂದರೆ ಬಿಟ್ಟ ಜಾಗಗಳಿಗೆ ಮಾತ್ರ ಹಿಂತಿರುಗಿ ಮೂರು ಸಲ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಇಲ್ಲದೆ ಓಡಿಸಿದರೆ ಎಲ್ಲಿವರೆಗೆ ಬಂದಿತ್ತು ಎಂಬ ನೆನಪೇ ಅದಕ್ಕಿರುವುದಿಲ್ಲ. 64 ಜಿಬಿ ಎಂದರೆ 512 ಬೈಟ್‌ನ ಸುಮಾರು 12.5 ಕೋಟಿ ಸೆಕ್ಟರ್‌ಗಳು. ಅದರಲ್ಲಿ ನೂರಿನ್ನೂರು ಓದಲಾಗದಿದ್ದರೆ ಒಂದೆರಡು ಫೋಟೋ ಹಾಳಾಗಿರಬಹುದು ಅಷ್ಟೆ, ಅದಕ್ಕಾಗಿ ಹತ್ತನೇ ಸುತ್ತಿಗೆ ಹೋಗಬೇಡಿ.

ಪಡಿಯಚ್ಚು ಸಿದ್ಧವಾದ ಮೇಲೆ ಯಾವುದಾದರೂ ಹೆಕ್ಸ್ ವೀಕ್ಷಕದಲ್ಲಿ (ಫೈಲ್‌ನ ಬೈಟ್‌ಗಳನ್ನು ಇದ್ದ ಹಾಗೆ ತೋರಿಸುವ ಸಾಫ್ಟ್‌ವೇರ್) ತೆರೆದು ಮಧ್ಯದಲ್ಲೊಂದು ಐದಾರು ಕಡೆ ಇಣುಕಿ. ಅಂಕಿ-ಅಕ್ಷರಗಳ ಗಜಿಬಿಜಿ ಕಂಡರೆ ಶುಭಸೂಚನೆ. ಎಲ್ಲಿ ನೋಡಿದರೂ 00 ಅಥವಾ ಎಫ್‌ಎಫ್ ಮಾತ್ರ ಇದ್ದರೆ ಮುಂದಿನ ಹಂತಗಳಿಗೆ ಸಮಯವನ್ನೂ ದುಡ್ಡನ್ನೂ ಸುರಿಯಬೇಡಿ. ಕ್ಯಾಮೆರಾದಲ್ಲಿ ‘ಲೋ ಲೆವೆಲ್ ಫಾರ್ಮ್ಯಾಟ್’ ಮಾಡಿದ ಕಾರ್ಡ್‌ಗಳು ಹೀಗೆ ಕಾಣುತ್ತವೆ. ಕ್ಯಾನನ್ ಕ್ಯಾಮೆರಾಗಳ ಫಾರ್ಮ್ಯಾಟ್ ಪರದೆಯಲ್ಲಿ ಈ ಟಿಕ್ ಚೌಕ ಇರುವುದನ್ನು ನೋಡಿರಬಹುದು. ಅಲ್ಲಿ ಹೋದದ್ದು ಪಹಣಿಯಲ್ಲ, ಹೊಲವೇ.

ಪಹಣಿ ಜೋಡಿಸುವ ಪ್ರಯತ್ನ

ಹೆಚ್ಚಿನವರು ದಾಖಲೆ ನೋಡದೆ ಫೋಟೋ ಹುಡುಕುವ ಫೋಟೋರೆಕ್‌ಗೆ ನೇರ ಹಾರುತ್ತಾರೆ. ಅದಕ್ಕೆ ಮೊದಲು ಹತ್ತು ನಿಮಿಷ ಇಲ್ಲಿ ಕಳೆಯಿರಿ, ಏಕೆಂದರೆ ಇಲ್ಲಿ ಗೆದ್ದರೆ ಹೆಸರು, ಫೋಲ್ಡರ್, ಸಮಯ ಸಮೇತ ಎಲ್ಲವೂ ಸಿಗುತ್ತದೆ.

ನಮ್ಮ ಮೊದಲ ಆಯ್ಕೆ ಡಿಎಂಡಿಇ ಎಂಬ ಡೇಟಾ ಮರುಪಡೆಯುವ ಸಾಫ್ಟ್‌ವೇರ್. ನೋಡಲು ಒರಟು, ಆದರೆ ಪಡಿಯಚ್ಚಿನ ಮೇಲೂ ಏನನ್ನೂ ಬರೆಯದೆ, ಸಿಕ್ಕ ಚೂರುಗಳಿಂದ ಫೋಲ್ಡರ್ ಮರವನ್ನು ಕಟ್ಟಿ ತೋರಿಸುತ್ತದೆ. ಪಡಿಯಚ್ಚು ತೆರೆದು ಫುಲ್ ಸ್ಕ್ಯಾನ್ ಕೊಟ್ಟು, ಎಕ್ಸ್‌ಫ್ಯಾಟ್ ಎಂದು ಬಂದ ಫಲಿತಾಂಶಗಳಲ್ಲಿ ಮೇಲಿನದನ್ನು ತೆರೆಯಿರಿ. ಕ್ಯಾಮೆರಾ ಫೋಟೋ ಇಡುವ ಡಿಸಿಐಎಂ ಫೋಲ್ಡರ್, ಅದರೊಳಗೆ 100 ಎಂದು ಶುರುವಾಗುವ ಉಪಫೋಲ್ಡರ್ ಕಂಡಿತೆಂದರೆ ಅರ್ಧ ಗೆದ್ದಂತೆ. ಉಚಿತ ಆವೃತ್ತಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್‌ವರೆಗೆ ಹೊರತೆಗೆಯಲು ಬಿಡುತ್ತದೆ. ನಿಮ್ಮ 1800 ಫೈಲ್‌ಗಳಿಗೆ ಅದು ಬೇಕಾದಷ್ಟಾಯಿತು.

ಹಾಗಾಗದಿದ್ದರೆ ಟೆಸ್ಟ್‌ಡಿಸ್ಕ್. ಇದು ಬೂಟ್ ಸೆಕ್ಟರ್‌ನ ಮೀಸಲು ಪ್ರತಿಯನ್ನು ಮುಂದಕ್ಕೆ ತರಬಲ್ಲದು. ಇದು ಬರೆಯುವ ಕೆಲಸ, ಹಾಗಾಗಿ ಪಡಿಯಚ್ಚಿನ ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಮಾತ್ರ ಪ್ರಯೋಗಿಸಿ. ಅಡ್ವಾನ್ಸ್ಡ್‌ಗೆ ಹೋಗಿ, ಪಾರ್ಟಿಷನ್ ಆರಿಸಿ, ‘ಬೂಟ್’ ಒತ್ತಿದರೆ ಮೂಲ ಮತ್ತು ಮೀಸಲು ಎರಡರ ಸ್ಥಿತಿಯನ್ನು ಹೇಳುತ್ತದೆ. ಮೂಲ ಕೆಟ್ಟಿದೆ, ಮೀಸಲು ಸರಿಯಿದೆ ಎಂದಿದ್ದರೆ ‘ಬ್ಯಾಕಪ್ ಬಿಎಸ್’ ಆರಿಸಿ, ನಂತರ ‘ಲಿಸ್ಟ್’ನಲ್ಲಿ ಫೈಲ್‌ಗಳು ಬಂದವೇ ನೋಡಿ. ಎರಡೂ ಕೆಟ್ಟಿದ್ದರೆ ಆಶ್ಚರ್ಯಪಡಬೇಡಿ. 0ನೇ ಮತ್ತು 12ನೇ ಸೆಕ್ಟರ್‌ಗಳ ನಡುವೆ ಬರೀ 6 ಕೆಬಿ ಅಂತರ. ಫ್ಲ್ಯಾಶ್ ಚಿಪ್ ಒಂದೇಟಿಗೆ ಅಳಿಸುವ ತುಂಡು ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ವಿದ್ಯುತ್ ಹೋದ ಪೆಟ್ಟು ಆ ತುಂಡಿನ ಮೇಲೆ ಬಿದ್ದಿದ್ದರೆ ಎರಡೂ ಒಟ್ಟಿಗೇ ಹೋಗಿರುತ್ತವೆ. ಎಂದೋ ತೆಗೆದ, ಈ ಕಾಪಿಗೆ ಸಂಬಂಧವೇ ಇಲ್ಲದ ಫೋಟೋ ಕೂಡ ಇಂಥ ಹೊತ್ತಿನಲ್ಲಿ ಕೆಡುವುದು ಇದೇ ಕಾರಣಕ್ಕೆ.

ಬಾಂದುಕಲ್ಲು ಹುಡುಕುತ್ತಾ

ದಾಖಲೆ ಸಿಗಲಿಲ್ಲವೆಂದರೆ ಹೊಲಕ್ಕೇ ಇಳಿದು ಬಾಂದುಕಲ್ಲು ಹುಡುಕಬೇಕು. ಪ್ರತಿ ಜೆಪೆಗ್ ಫೈಲ್ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಶುರುವಾಗಿ ಎಫ್‌ಎಫ್, ಡಿ9ರಲ್ಲಿ ಮುಗಿಯುತ್ತದೆ. ರಾ ಫೈಲ್‌ಗಳಿಗೂ ಅಂಥದೇ ಗುರುತುಗಳಿವೆ. ನಿಕಾನ್‌ನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯು, ಕ್ಯಾನನ್‌ನ ಹಳೆಯ ಸಿಆರ್2 ಇವೆಲ್ಲ ಒಳರಚನೆಯಲ್ಲಿ ಟಿಫ್ ಎಂಬ ಚಿತ್ರ ಫೈಲ್ ಮಾದರಿಯ ಮನೆತನದವು. ಕ್ಯಾನನ್‌ನ ಹೊಸ ಸಿಆರ್3 ಮಾತ್ರ ಎಂಪಿ4 ವಿಡಿಯೋದ ದಾಯಾದಿ. ಫೋಟೋರೆಕ್ ಈ ಗುರುತುಗಳನ್ನು ಹಿಡಿದು ಇಡೀ ಪಡಿಯಚ್ಚನ್ನು ಸೋಸುತ್ತದೆ. ಕ್ರಿಸ್ಟೋಫ್ ಗ್ರೆನಿಯೇ ಬರೆದ ಈ ಮುಕ್ತ ತಂತ್ರಾಂಶ ಟೆಸ್ಟ್‌ಡಿಸ್ಕ್‌ನ ಜೊತೆಗೇ ಬರುತ್ತದೆ. ಕಪ್ಪು ಪರದೆ ಹಿಡಿಸದವರಿಗೆ ಅದೇ ಫೋಲ್ಡರ್‌ನಲ್ಲಿ ಕ್ಯೂಫೋಟೋರೆಕ್ ಎಂಬ ಕಿಟಕಿಯಿರುವ ರೂಪವಿದೆ. ‘ಎಷ್ಟು ಫೋಟೋ ಇವೆ ಎಂದು ಉಚಿತವಾಗಿ ತೋರಿಸಿ, ಉಳಿಸಲು ದುಡ್ಡು ಕೇಳುವ’ ಸಾಫ್ಟ್‌ವೇರ್‌ಗಳಿಗೆ ಬ್ಯಾಂಕ್ ಕಾರ್ಡ್ ನಂಬರ್ ಕೊಡುವ ಮೊದಲು ಇದನ್ನು ಓಡಿಸಿ ನೋಡಿ.

ಕ್ಯೂಫೋಟೋರೆಕ್‌ನಲ್ಲಿ ಡಿಸ್ಕ್ ಆರಿಸುವ ಬದಲು ‘ಆಡ್ ಎ ರಾ ಡಿಸ್ಕ್ ಇಮೇಜ್’ ಒತ್ತಿ ಪಡಿಯಚ್ಚನ್ನು ಕೊಡಿ. ಪಾರ್ಟಿಷನ್ ಕಾಣದಿದ್ದರೆ ‘ಹೋಲ್ ಡಿಸ್ಕ್’. ಫೈಲ್ ವ್ಯವಸ್ಥೆಯಲ್ಲಿ ಎಕ್ಸ್‌ಟ್2 ಬಿಟ್ಟು ಫ್ಯಾಟ್ ಇರುವ ಸಾಲು. ‘ಫ್ರೀ’ ಮತ್ತು ‘ಹೋಲ್’ ನಡುವೆ ಹೋಲ್. ಹರಿದ ಪಹಣಿಯನ್ನು ನಂಬಿ ‘ಖಾಲಿ ಜಾಗ ಮಾತ್ರ’ ಹುಡುಕಿದರೆ ಬೇಕಾದ್ದೇ ತಪ್ಪಿಹೋಗುತ್ತದೆ. ಫೈಲ್ ಬಗೆಗಳ ಪಟ್ಟಿಯಲ್ಲಿ ಎಲ್ಲವನ್ನೂ ತೆಗೆದು ಜೆಪಿಜಿ, ಟಿಫ್, ಎಂಒವಿ ಮೂರಕ್ಕೆ ಮಾತ್ರ ಟಿಕ್ ಹಾಕಿ. ಫ್ಯೂಜಿ ಕ್ಯಾಮೆರಾ ಆದರೆ ಆರ್‌ಎಎಫ್ ಕೂಡ. ನೂರಾರು ಬಗೆಗಳನ್ನು ಹಾಗೇ ಬಿಟ್ಟರೆ ಫೋಟೋದ ನಡುವಿನ ಯಾವುದೋ ನಾಲ್ಕು ಬೈಟನ್ನು ಬೇರೆ ಫೈಲ್‌ನ ಆರಂಭವೆಂದು ತಪ್ಪು ತಿಳಿದು ನಿಮ್ಮ ಫೋಟೋವನ್ನೇ ತುಂಡರಿಸುವ ಸಾಧ್ಯತೆ ಇದೆ. ಫಲಿತಾಂಶ ಉಳಿಸುವ ಜಾಗ ಕಂಪ್ಯೂಟರ್‌ನದ್ದಾಗಿರಲಿ, ಕಾರ್ಡ್‌ನದ್ದಲ್ಲ.

ಹೊರಬಂದದ್ದು ರಿಕಪ್_ಡಿರ್.1, 2 ಎಂದು ಸಂಖ್ಯೆಯಿರುವ ಫೋಲ್ಡರ್‌ಗಳಲ್ಲಿ ಕೂರುತ್ತದೆ. ಫೈಲ್ ಹೆಸರುಗಳು ‘ಎಫ್’ ಅಕ್ಷರ ಮತ್ತು ಒಂದು ಉದ್ದ ಸಂಖ್ಯೆ. ಆ ಸಂಖ್ಯೆ ಫೈಲ್ ಸಿಕ್ಕ ಸೆಕ್ಟರ್‌ನದ್ದು. ‘ಟಿ’ಯಿಂದ ಶುರುವಾಗುವವು ಫೋಟೋದೊಳಗಿನ ಪುಟ್ಟ ಮಾದರಿ ಚಿತ್ರಗಳು, ನೋಡಿ ಗಾಬರಿಯಾಗಬೇಡಿ. ನಿಜವಾದ ಹೆಸರು ಹೋದರೂ ತೆಗೆದ ದಿನ, ಗಂಟೆ, ಸೆಕೆಂಡ್ ಫೋಟೋದ ಒಳಗೇ ಬರೆದಿರುತ್ತದೆ. ಎಕ್ಸಿಫ್‌ಟೂಲ್ ಅಥವಾ ಡಿಜಿಕ್ಯಾಮ್‌ನಿಂದ ಆ ಸಮಯವನ್ನೇ ಹೆಸರಾಗಿಸಿಕೊಂಡರೆ ನಾಂದಿಯಿಂದ ಭಿಕ್ಷೆಯವರೆಗೆ ಎಲ್ಲವೂ ಮತ್ತೆ ಸಾಲಾಗಿ ನಿಲ್ಲುತ್ತವೆ. ಹಿಂದೆ ಅದೇ ಕಾರ್ಡ್‌ನಿಂದ ಅಳಿಸಿದ, ಮೇಲೆ ಬೇರೇನೂ ಕೂರದ ಯಾವುದೋ ಗೃಹಪ್ರವೇಶದ ಫೋಟೋಗಳೂ ಎದ್ದು ಬಂದಾವು. ಹಳೆಯ ಕಾರ್ಡನ್ನು ಬರೀ ಫಾರ್ಮ್ಯಾಟ್ ಮಾಡಿ ಮಾರುವವರು ಇದನ್ನು ಗಮನಿಸಬೇಕು.

ಅರ್ಧ ಬೂದು ಬಣ್ಣದ ಫೋಟೋ ಏಕೆ ಬರುತ್ತದೆ?

ಮೇಲರ್ಧ ಸರಿಯಿದ್ದು ಕೆಳಗರ್ಧ ಬೂದು, ಅಥವಾ ನಡುವಿನಿಂದ ಬಣ್ಣ ಬದಲಾಗಿ ಬೇರೆ ಫೋಟೋದ ತುಂಡು ಸೇರಿಕೊಂಡಿದೆ ಎಂದರೆ ಬಹುಪಾಲು ಆ ಫೈಲ್ ಕಾರ್ಡ್‌ನಲ್ಲಿ ಒಂದೇ ಕಡೆ ಇರಲಿಲ್ಲ. ಬಾಂದುಕಲ್ಲು ಹಿಡಿದು ಹೋಗುವ ವಿಧಾನ ಫೈಲ್ ಅಖಂಡವಾಗಿದೆ ಎಂದೇ ಭಾವಿಸಿ ನಡೆಯುತ್ತದೆ. ಖಾಲಿ ಕಾರ್ಡ್‌ಗೆ ಕ್ಯಾಮೆರಾ ಒಂದರ ಹಿಂದೊಂದು ಬರೆದಾಗ ಅದು ನಿಜವೂ ಹೌದು. ಆದರೆ ಸಮಾರಂಭದ ನಡುವೆ ‘ಇದು ಅಲುಗಿದೆ, ಅಳಿಸೋಣ’ ಎಂದು ಕ್ಯಾಮೆರಾದಲ್ಲೇ ಒಂದೊಂದಾಗಿ ಅಳಿಸುತ್ತಾ ಹೋದರೆ ಅಲ್ಲಲ್ಲಿ ತೂತುಗಳಾಗುತ್ತವೆ. ಮುಂದೆ ಜಾಗ ಕಡಿಮೆಯಾದಾಗ ಹೊಸ ಫೋಟೋದ ಒಂದು ತುಂಡು ಈ ತೂತಿಗೆ, ಇನ್ನೊಂದು ಮತ್ತೊಂದಕ್ಕೆ. 64 ಜಿಬಿ ಕಾರ್ಡ್‌ನಲ್ಲಿ ಹಂಚಿಕೆಯ ಒಂದು ಘಟಕ ಸಾಮಾನ್ಯವಾಗಿ 128 ಕೆಬಿ, ಅಂದರೆ 25 ಎಂಬಿಯ ಒಂದು ರಾ ಫೈಲ್‌ಗೆ ಅಂಥ 200 ಘಟಕ ಬೇಕು. ದಾಖಲೆ ಇಲ್ಲದೆ ಅವನ್ನು ಸರಿಯಾಗಿ ಹೊಂದಿಸುವುದು ಎಷ್ಟು ಕಷ್ಟವೆಂದು ನೀವೇ ಊಹಿಸಿ.

ಅಂಥಲ್ಲಿ ನೀವು ರಾ ಮತ್ತು ಜೆಪೆಗ್ ಎರಡರಲ್ಲೂ ತೆಗೆದದ್ದು ಕೈಹಿಡಿಯುತ್ತದೆ, ಜೋಡಿಯಲ್ಲಿ ಒಂದು ಹಾಳಾದರೂ ಇನ್ನೊಂದು ಉಳಿದಿರಬಹುದು. ರಾ ಫೈಲ್ ತೆರೆಯದಿದ್ದರೂ ಎಸೆಯಬೇಡಿ. ಸಿಆರ್2ರ ಒಳಗೆ, ನಿಕಾನ್‌ನ ಹೆಚ್ಚಿನ ಎನ್‌ಇಎಫ್‌ಗಳ ಒಳಗೆ ಪೂರ್ಣ ಗಾತ್ರದ ಒಂದು ಜೆಪೆಗ್ ಅಡಗಿರುತ್ತದೆ. ಸೋನಿಯ ಅನೇಕ ಮಾದರಿಗಳಲ್ಲಿ ಅದು 1616×1080ರ ಸಣ್ಣದು. ಎಕ್ಸಿಫ್‌ಟೂಲ್‌ನಿಂದ ಆ ಪೂರ್ವವೀಕ್ಷಣೆಯನ್ನು ಬೇರ್ಪಡಿಸಬಹುದು. ಅದು ಫೈಲ್‌ನ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಹಾನಿಯಿಂದ ಪಾರಾಗಿರುವ ಸಂಭವ ನಿಂತಿದೆ.

ಮೊದಲ ಸುತ್ತಿನಲ್ಲಿ ಎಣಿಕೆ ಕಡಿಮೆ ಬಂದರೆ ಫೋಟೋರೆಕ್‌ನ ‘ಕೀಪ್ ಕರಪ್ಟೆಡ್ ಫೈಲ್ಸ್’ ಆಯ್ಕೆ ತೆರೆದು ಇನ್ನೊಂದು ಫೋಲ್ಡರ್‌ಗೆ ಎರಡನೇ ಸುತ್ತು ಓಡಿಸಿ. ಕಸ ಬಹಳ ಬರುತ್ತದೆ, ಕಸದಲ್ಲಿ ಒಂದೆರಡು ಬಂಗಾರದ ತುಣುಕೂ ಇದ್ದೀತು.

ವಿಡಿಯೋದ ಕಷ್ಟ ಬೇರೆ. ಎಂಪಿ4 ಮತ್ತು ಎಂಒವಿ ಫೈಲ್‌ಗಳಲ್ಲಿ ದೃಶ್ಯಧ್ವನಿಯ ರಾಶಿ ಒಂದು ಕಡೆ, ಅದನ್ನು ಓದುವ ಸೂಚಿ ಇನ್ನೊಂದು ಕಡೆ ಇರುತ್ತದೆ. ಬಹಳಷ್ಟು ಕ್ಯಾಮೆರಾಗಳು ಸೂಚಿಯನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯುತ್ತವೆ. ರೆಕಾರ್ಡ್ ಆಗುವಾಗಲೇ ಬ್ಯಾಟರಿ ಹೋದರೆ ಸೂಚಿಯೇ ಹುಟ್ಟಿರುವುದಿಲ್ಲ. ಆಗ ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ, ಅದೇ ಕ್ಯಾಮೆರಾದಲ್ಲಿ ಅದೇ ರೆಸಲ್ಯೂಶನ್, ಅದೇ ಫ್ರೇಮ್ ದರದಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋವನ್ನು ಮಾದರಿಯಾಗಿ ಕೊಟ್ಟರೆ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ. ನಿಮ್ಮ ಕರೆಂಟ್ ಹೋದದ್ದು ಕ್ಯಾಮೆರಾದ್ದಲ್ಲ, ಡೆಸ್ಕ್‌ಟಾಪ್‌ನದ್ದು. ಆದ್ದರಿಂದ ಕಾರ್ಡ್‌ನಲ್ಲಿ ಉಳಿದ ವಿಡಿಯೋಗಳು ಸೂಚಿ ಸಮೇತ ಪೂರ್ಣವಾಗಿರುವ ಸಾಧ್ಯತೆಯೇ ಹೆಚ್ಚು. ತೊಡಕಾದರೆ ತುಂಡುತುಂಡಾಗಿ ಹರಡಿದ್ದರಿಂದ ಆಗಬೇಕು, ಅದಕ್ಕೆ ಅನ್‌ಟ್ರಂಕ್‌ಗಿಂತ ಹಿಂದಿನ ಹಂತದ ಡಿಎಂಡಿಇ ಉತ್ತಮ. ಗೋಪ್ರೊದಂಥ ಆಕ್ಷನ್ ಕ್ಯಾಮೆರಾ ಬಳಸುವವರಿಗೆ ಒಂದು ಮಾತು: ಅದು ಮುಖ್ಯ ವಿಡಿಯೋವನ್ನೂ ಅದರ ಕಿರು ಪ್ರತಿಯನ್ನೂ ಏಕಕಾಲದಲ್ಲಿ ಹೆಣೆದು ಬರೆಯುವುದರಿಂದ ಫೋಟೋರೆಕ್‌ನಿಂದ ಬರುವ ವಿಡಿಯೋ ಹೆಚ್ಚಾಗಿ ಓಡುವುದಿಲ್ಲ.

ಎಲ್ಲಾ ಮಾಡಿದರೂ ಮೊದಲ ಕೆಲವು ನೂರು ಫೋಟೋ ಚೆನ್ನಾಗಿದ್ದು, ಒಂದು ಹಂತದ ನಂತರದವೆಲ್ಲ ಖಾಲಿ ಎಂದಾದರೆ ಕಾರ್ಡ್ ನಕಲಿಯೇ ಎಂದು ಸಂಶಯಪಡಿ. 8 ಜಿಬಿ ಚಿಪ್‌ಗೆ 64 ಎಂದು ಹೇಳುವಂತೆ ಕಲಿಸಿ, ಹೆಸರಾಂತ ಕಂಪನಿಯ ಸ್ಟಿಕರ್ ಅಂಟಿಸಿ ಮಾರುವ ಕಾರ್ಡ್‌ಗಳಿವೆ. ಅವು 8 ಜಿಬಿ ದಾಟಿದ ಮೇಲೂ ‘ಬರೆದೆ’ ಎಂದೇ ಉತ್ತರಿಸುತ್ತವೆ, ಬರೆದಿರುವುದಿಲ್ಲ. ಎಂದೂ ದಾಖಲಾಗದ್ದನ್ನು ಯಾರಿಂದಲೂ ತರಲಾಗದು.

ಪ್ರಯೋಗಾಲಯಕ್ಕೆ ಕೊಡುವುದಾದರೆ

ಗಾತ್ರವೇ ತಪ್ಪು ತೋರಿಸುವ, ಕಾಣಿಸಿಕೊಳ್ಳದ, ಬಿರುಕು ಬಿಟ್ಟ ಕಾರ್ಡ್‌ಗಳಲ್ಲಿ ನಿಯಂತ್ರಕವನ್ನು ಬದಿಗಿಟ್ಟು ಫ್ಲ್ಯಾಶ್ ಚಿಪ್‌ನಿಂದ ನೇರ ಓದಬೇಕಾಗುತ್ತದೆ. ಮೈಕ್ರೋ ಎಸ್‌ಡಿ ಮತ್ತು ಇಂದಿನ ಅನೇಕ ಎಸ್‌ಡಿ ಕಾರ್ಡ್‌ಗಳಲ್ಲಿ ಎಲ್ಲವೂ ಒಂದೇ ಅಚ್ಚಿನೊಳಗೆ ಹುದುಗಿರುತ್ತವೆ. ಮೇಲಿನ ಲೇಪನ ಕೆರೆದು, ಒಳಗಿನ ಪರೀಕ್ಷಾ ಬಿಂದುಗಳಿಗೆ ಕೂದಲೆಳೆಯಂಥ ತಂತಿ ಬೆಸೆದು ಓದುತ್ತಾರೆ. ಬಂದ ಡೇಟಾ ಕೂಡ ಕಲಸುಮೇಲೋಗರ, ತಪ್ಪು ತಿದ್ದುವ ಸಂಕೇತ ಬಿಡಿಸಿ, ಕಲಕಿದ್ದನ್ನು ಹಿಂದಿರುಗಿಸಿ, ಪುಟಗಳನ್ನು ಕ್ರಮಕ್ಕೆ ತಂದ ಮೇಲಷ್ಟೇ ಫೋಟೋ ಕಾಣುವುದು. ಪಿಸಿ-3000 ಫ್ಲ್ಯಾಶ್‌ನಂಥ ಉಪಕರಣವಿಲ್ಲದೆ ಇದು ಆಗದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ‘ಡೇಟಾ ರಿಕವರಿ’ ಬೋರ್ಡ್ ಬಹಳ ಕಾಣುತ್ತವೆ. ಒಳಗೆ ಹೋದವರು ಎರಡು ಪ್ರಶ್ನೆ ಕೇಳಿ: ಮೊದಲು ಪಡಿಯಚ್ಚು ತೆಗೆಯುತ್ತೀರಾ? ಚಿಪ್‌ನಿಂದ ನೇರ ಓದುವುದು ಇಲ್ಲೇ ಮಾಡುತ್ತೀರಾ, ಬೇರೆಡೆ ಕಳಿಸುತ್ತೀರಾ? ಫೈಲ್‌ಗಳ ಪಟ್ಟಿ ತೋರಿಸಿದ ಮೇಲೆ ಹಣ ಎಂಬ ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಕಾರ್ಡ್ ಈಗಾಗಲೇ ಯಾರ ಕೈ ಸೇರಿತ್ತು, ಏನೇನು ಓಡಿಸಿದ್ದಿರಿ ಎಂಬುದನ್ನು ಮುಚ್ಚಿಡಬೇಡಿ.

ಕೊನೆಗೆ, ಕಾರ್ಡನ್ನು ಮತ್ತೆ ಬಳಸಬಹುದೇ? ಫೋಟೋಗಳು ಎರಡು ಬೇರೆ ಡಿಸ್ಕ್‌ಗಳಲ್ಲಿ ಸೇರಿ, ತೆರೆದು ನೋಡಿ ಆಗುವವರೆಗೆ ಅದು ಲಾಕ್ ಪಟ್ಟಿ ಸರಿಸಿದ ಹಾಗೇ ಡಬ್ಬಿಯಲ್ಲಿರಲಿ. ಆಮೇಲೆ ಎಸ್‌ಡಿ ಅಸೋಸಿಯೇಷನ್‌ನ ಉಚಿತ ಎಸ್‌ಡಿ ಕಾರ್ಡ್ ಫಾರ್ಮ್ಯಾಟರ್‌ನಿಂದ ಫಾರ್ಮ್ಯಾಟ್ ಮಾಡಿ, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಲಿನಕ್ಸ್‌ನಲ್ಲಿ ಎಫ್3 ಓಡಿಸಿ. ಅವು ಕಾರ್ಡನ್ನು ಕಂಠಪೂರ್ತಿ ತುಂಬಿಸಿ ಮತ್ತೆ ಓದಿ ಹೋಲಿಸುತ್ತವೆ, ನಕಲಿ ಕಾರ್ಡ್ ಕೂಡ ಇಲ್ಲಿ ಸಿಕ್ಕಿಬೀಳುತ್ತದೆ. ಒಂದೂ ತಪ್ಪಿಲ್ಲದಿದ್ದರೆ ಕೆಟ್ಟದ್ದು ಪಹಣಿಯಷ್ಟೇ, ಕಾರ್ಡ್ ಅಲ್ಲ. ಕ್ಯಾಮೆರಾದಲ್ಲಿ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಬಳಸಿ, ಮುಂದೆ ಕಟ್ ಬಿಟ್ಟು ಕಾಪಿ ಮಾಡಿ. ಒಂದೇ ಒಂದು ತಪ್ಪು ಕಂಡರೂ, ಅಥವಾ ಪಡಿಯಚ್ಚು ತೆಗೆಯುವಾಗ ಓದಲಾಗದ ಸೆಕ್ಟರ್ ಸಿಕ್ಕಿದ್ದರೂ, ಅದನ್ನು ಕ್ಯಾಮೆರಾಗೆ ಮರಳಿ ಹಾಕಬೇಡಿ. ಕಾರಿನ ಸ್ಟೀರಿಯೋದಲ್ಲಿ ಹಾಡು ಕೇಳಲು ಇಟ್ಟುಕೊಳ್ಳಬಹುದು.